ನಾಲ್ಕು ಬೆರಳು ದರಕು

ದೇವಿದಾಸ ತೀರಿಕೊಂಡ. ನವೆಂಬರ್ ತಿಂಗಳ ಒಂದು ಗುರುವಾರ ಸಂಜೆ, ಅಂಕೋಲೆಯ ತನ್ನ ಮನೆಯ ಜಗಲಿಯ ಮೇಲೆ ಕೂತು ಬಲಗಾಲಿನ ಚಪ್ಪಲಿ ಬಿಚ್ಚಿದವನು ಎಡಗಾಲಿನದನ್ನು ಬಿಚ್ಚಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಐವತ್ತೆರಡು. ಅಂಗಿಯ ಜೇಬಿನಲ್ಲಿ ಒಂದು ಪೆನ್ನು, ಕನ್ನಡಕದ ಡಬ್ಬಿ ಮತ್ತು ಅರ್ಧ ಕೊಳೆತ ಒಂದು ಗೇರೆಲೆ ಇದ್ದವು. ಪೆನ್ನನ್ನೂ ಡಬ್ಬಿಯನ್ನೂ ಹೆಂಡತಿ ಗಂಗೆ ಎತ್ತಿಟ್ಟಳು. ಎಲೆ ಯಾಕಿತ್ತು ಎಂದು ಯಾರಿಗೂ ತಿಳಿಯಲಿಲ್ಲ. ಯಾರೋ ಅದನ್ನು ಅಂಗಳಕ್ಕೆ ಎಸೆದರು.

ಅಮದಳ್ಳಿಯ ಗುರುಪ್ರಸಾದನಿಗೆ ಈ ಸುದ್ದಿ ಫೋನಿನಲ್ಲಿ ಬಂತು. ಅವನು ಆಗಷ್ಟೇ ಕಾರವಾರದ ಆಫೀಸಿನಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಇಪ್ಪತ್ತೈದು ವರ್ಷ ಒಂದೇ ಆಫೀಸಿನಲ್ಲಿ, ಅಕ್ಕಪಕ್ಕದ ಮೇಜಿನಲ್ಲಿ, ಒಂದೇ ಡಬ್ಬಿಯ ಉಪ್ಪಿನಕಾಯಿ ತಿಂದ ಗೆಳೆಯರು ಅವರು. ಆದರೆ ದೇವಿದಾಸ ಸಾಯುವ ಹೊತ್ತಿಗೆ ಇಬ್ಬರಿಗೂ ಮಾತು ಬಿಟ್ಟು ಒಂದು ತಿಂಗಳು ಕಳೆದಿತ್ತು.

ಕಾರಣ, ದರಕು. (ನಗಬೇಡಿ. ಒಣಗಿ ಬಿದ್ದ ಎಲೆಗೆ ನಮ್ಮ ಕಡೆ ದರಕು ಅನ್ನುತ್ತಾರೆ. ಅದರ ಮೇಲೆ ಜಗಳವೇ ಎಂದು ಕೇಳುವವರು ಅಣ್ಣತಮ್ಮಂದಿರು ಯಾತರ ಮೇಲೆ ಕೋರ್ಟಿಗೆ ಹೋಗಿದ್ದಾರೆ ಎಂದು ಒಮ್ಮೆ ನೆನಪಿಸಿಕೊಳ್ಳಲಿ.)

ಗುರುಪ್ರಸಾದನ ಹಳೆಯ ಮನೆ, ಬಾವಿ, ಬಾವಿಕಟ್ಟೆಯ ಮಾವಿನ ಮರ ಎಲ್ಲಾ ನೌಕಾನೆಲೆಗೆಂದು ಸರ್ಕಾರ ವಶಪಡಿಸಿಕೊಂಡ ಜಾಗದಲ್ಲಿ ಹೋಗಿದ್ದವು. ಬದಲಿಗೆ ಸಿಕ್ಕಿದ ಹೊಸ ಸೈಟಿನಲ್ಲಿ ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಅಷ್ಟು ಗಟ್ಟಿ ಕೆಂಪು ಕಲ್ಲು. ನೆಟ್ಟ ದಾಸವಾಳ ಸತ್ತಿತು, ನುಗ್ಗೆ ಸತ್ತಿತು, ಸುಲಭಕ್ಕೆ ಸಾಯದ ಬಸಳೆಯೂ ಸತ್ತಿತು. ಆಗ ದೇವಿದಾಸ ತನ್ನ ಮನೆಯ ಹಿಂದಿನ ಕರಿ ಇಶಾಡು ಮಾವಿನ ಕಸಿಗಿಡವೊಂದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದುಕೊಟ್ಟ. “ಅಂಕೋಲೆ ದಾಟಿದ್ರೆ ಇಶಾಡಿಗೆ ರುಚಿ ಬರೂದಿಲ್ಲ ಅಂತಾರೆ. ಆದ್ರೂ ನಿನಗೆ ಅಂತ ತಂದೆ” ಎಂದ. ಇಬ್ಬರೂ ಸೇರಿ ಹಾರೆಯಲ್ಲಿ ಕಲ್ಲು ಒಡೆದು ಗುಂಡಿ ತೋಡಿ ನೆಟ್ಟರು.

ಗಿಡ ಸಾಯಲಿಲ್ಲ. ಅಲ್ಲಿಗೇ ಗುರುಪ್ರಸಾದನ ತಲೆ ತಿರುಗಿತು. ಇನ್ನು ಇದನ್ನು ಸಾಯಲು ಬಿಡಬಾರದು ಎಂದು ಭೀಷ್ಮಪ್ರತಿಜ್ಞೆ ಮಾಡಿ ಬುಡಕ್ಕೆ ದರಕು ಹೊದೆಸಲು ಶುರುಮಾಡಿದ. ಮಳೆ ಬಿಟ್ಟ ಮೇಲೆ ತೇವ ಆರದಿರಲು ಹೊದೆಸುವುದು ಎಲ್ಲರೂ ಮಾಡುವ ಕೆಲಸವೇ. ಆದರೆ ಇವನು ಹೊದೆಸಿದ್ದು ಮೊಣಕಾಲೆತ್ತರ. ಗೇರೆಲೆ, ಹಲಸಿನೆಲೆ, ಕಡಲತಡಿಯ ಗಾಳಿಮರದ ಸೂಜಿಯಂಥ ಎಲೆ, ತೆಂಗಿನ ಸಿಪ್ಪೆ, ಹೆಂಡತಿ ಚಂಪಾಳ ಒಲೆಯ ಬೂದಿ, ಮೀನು ಮಾರುವ ಕಾಶಿಯ ಬುಟ್ಟಿಯಲ್ಲಿ ಉಳಿದ ಕೊಳೆತ ತಾರ್ಲೆ ಮೀನು. ಗಿಡದ ಕಾಂಡಕ್ಕೆ ಒತ್ತಿ, ಕುತ್ತಿಗೆಯವರೆಗೆ.

“ಇದೆಂತದು, ಗಿಡ ನೆಟ್ಟದ್ದಾ ಯಾರನ್ನಾದ್ರೂ ಹುಗ್ದದ್ದಾ?” ಎಂದು ಚಂಪಾ ಕೇಳಿದಳು.

ಹಾಗೆ ಕೇಳಿದ್ದು ತಮಾಷೆಗೆ. ಆದರೆ ಆ ಗುಡ್ಡೆ ದಿನದಿಂದ ದಿನಕ್ಕೆ ಉದ್ದುದ್ದ ಬೆಳೆದು, ಹೊದ್ದು ಮಲಗಿದ ಆಳಿನ ಆಕಾರಕ್ಕೆ ಬಂದದ್ದು ನಿಜ. ಬೆಳಗಿನ ಚಳಿಯಲ್ಲಿ ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು. ರಾತ್ರಿಯೆಲ್ಲ ಒಳಗೊಳಗೇ ಕೊಳೆತು ಕುಸಿಯುತ್ತಿದ್ದುದರಿಂದ ಬೆಳಿಗ್ಗೆ ನೋಡಿದರೆ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು. ಕಾಶಿ ಮೀನಿನ ಬುಟ್ಟಿ ಇಳಿಸುವಾಗ ಆ ಕಡೆ ಬೆನ್ನು ಹಾಕಿ ಕೂರಲು ಶುರುಮಾಡಿದಳು.

ದೇವಿದಾಸನ ಶಾಸ್ತ್ರವೇ ಬೇರೆ. ದರಕು ನಾಲ್ಕು ಬೆರಳು ದಪ್ಪ ಇದ್ದರೆ ಸಾಕು, ಕಾಂಡದ ಸುತ್ತ ಒಂದು ಗೇಣು ಖಾಲಿ ಇರಬೇಕು. ಪ್ರತಿ ಭಾನುವಾರ ಬಂದವನು ಕಾಂಡದ ಸುತ್ತ ಎಲೆ ಸರಿಸಿ, ತಟ್ಟೆಯಂತೆ ಗುಂಡಗೆ ಜಾಗ ಬಿಡಿಸಿ, ಒದ್ದೆ ಕೆಂಪು ಮಣ್ಣನ್ನು ಅಂಗೈಯಿಂದ ಮಗುವಿನ ಬೆನ್ನು ತಟ್ಟುವ ಹಾಗೆ ಒಮ್ಮೆ ತಟ್ಟುತ್ತಿದ್ದ. ಅವನು ಹೋದ ಮೇಲೆ ಗುರುಪ್ರಸಾದ ಮತ್ತೆ ಮುಚ್ಚುತ್ತಿದ್ದ.

ಒಂದು ಭಾನುವಾರ ಜಗಳ ಹತ್ತಿಕೊಂಡಿತು.

“ಕಾಂಡದ ಬುಡ ಕಪ್ಪಾಗ್ತಾ ಬಂದದೆ ಗುರು. ಉಸಿರು ಕಟ್ಟಿ ಸಾಯ್ತದೆ ಅದು. ನಾಲ್ಕು ಬೆರಳು ಸಾಕು ಮಾರಾಯಾ!”

“ಯಾರ ನಾಲ್ಕು ಬೆರಳು? ನಿನ್ನ ಲೆಕ್ಕದಲ್ಲಿ ನಾಲ್ಕು ಅಂದ್ರೆ ಮೂರೂವರೆ!”

(ದೇವಿದಾಸನ ಬಲಗೈ ತೋರುಬೆರಳು ಮೋಟು. ಚಿಕ್ಕಂದಿನಲ್ಲಿ ಈಳಿಗೆಮಣೆಗೆ ಕೊಟ್ಟು ಬಂದದ್ದು. ಆ ಬೆರಳಿನ ಸುದ್ದಿಗೆ ಯಾರೂ ಹೋಗುತ್ತಿರಲಿಲ್ಲ.)

ದೇವಿದಾಸ ಎದ್ದು ನಿಂತ. “ಇದು ಮಾವಿನ ಗಿಡ ಅಲ್ಲ, ಸಮಾಧಿ. ಇನ್ನು ಈ ಅಂಗಳಕ್ಕೆ ಕಾಲಿಟ್ರೆ ಕೇಳು.”

“ಯಾರು ಕರದ್ರು ನಿನ್ನ? ಹೋಗು!”

“ಚಾ ಆದ್ರೂ ಕುಡ್ದು ಜಗಳಾಡಿ” ಎಂದು ಚಂಪಾ ಕಪ್ಪು ಹಿಡಿದು ಹೊರಗೆ ಬರುವಷ್ಟರಲ್ಲಿ ದೇವಿದಾಸ ರಸ್ತೆ ಸೇರಿದ್ದ.

ಮರುದಿನದಿಂದ ಆಫೀಸಿನಲ್ಲಿ ಜವಾನ ಬೀರಾ ರಾಯಭಾರಿಯಾದ. ಎರಡು ಮೇಜಿನ ನಡುವೆ ಒಂದು ಮೊಳ ಅಂತರ. ಆದರೂ ಗುರುಪ್ರಸಾದ ಬೀರಾನನ್ನು ಕರೆದು “ಆ ಸಾಹೇಬ್ರಿಗೆ ಹೇಳು, ಫ್ಯಾನು ಕಡಿಮೆ ಮಾಡ್ಬೇಕಂತೆ” ಎನ್ನುವುದು, ಬೀರಾ ಅರ್ಧ ಹೆಜ್ಜೆ ಹೊರಳಿ ಅದನ್ನೇ ಹೇಳುವುದು, “ಈ ಸಾಹೇಬ್ರಿಗೆ ಸೆಖೆ ಆಗ್ತದಂತೆ ಅಂತ ಹೇಳು” ಎಂಬ ಉತ್ತರವನ್ನು ಮತ್ತೆ ಅರ್ಧ ಹೆಜ್ಜೆ ಹೊರಳಿ ತಲುಪಿಸುವುದು. ಆ ಗುರುವಾರ ಮಧ್ಯಾಹ್ನವೂ ಬೀರಾನ ಮೂಲಕವೇ ಒಂದು ಮಾತು ಬಂತು. “ಸಾಹೇಬ್ರು ಅರ್ಧ ದಿನ ರಜೆ ಹಾಕಿ ಹೋಗ್ತಾರಂತೆ.” ಗುರುಪ್ರಸಾದ ತಲೆ ಎತ್ತದೆ “ಹೋಗ್ಲಿ” ಎಂದ.

ಆ ‘ಹೋಗ್ಲಿ’ಯೇ ಅವನು ದೇವಿದಾಸನಿಗೆ ಹೇಳಿದ ಕೊನೆಯ ಮಾತಾಯಿತು. ಫೋನು ಇಟ್ಟ ಕೂಡಲೇ ಗಂಡ ಹೆಂಡತಿ ಮನೆಗೆ, ಗೇಟಿಗೆ ಬೀಗ ಹಾಕಿ ಅಂಕೋಲೆಗೆ ಹೋದರು. ಮರುದಿನ ಬೆಳಿಗ್ಗೆ ಚಟ್ಟಕ್ಕೆ ಹೆಗಲು ಕೊಡುವ ಮೊದಲು ಗುರುಪ್ರಸಾದ ಗೆಳೆಯನ ಬಲಗೈ ಹಿಡಿದ. ತಣ್ಣಗಿತ್ತು. ಸಿಟ್ಟು ಇಟ್ಟುಕೊಂಡೇ ಹೋದೆಯಾ ಎಂದು ಕೇಳಬೇಕೆನಿಸಿತು. ಕೇಳಿ ಹೇಳಲು ಬೀರಾನೂ ಇರಲಿಲ್ಲ.

ಸುಟ್ಟು, ಸ್ನಾನ ಮಾಡಿ, ಮಧ್ಯಾಹ್ನ ಅಮದಳ್ಳಿಗೆ ಬಂದರು. ಗೇಟಿನ ಬೀಗ ಹಾಗೇ ಇತ್ತು. ಚಂಪಾ ನೇರ ಒಳಗೆ ಹೋದಳು. ಗುರುಪ್ರಸಾದ ಗಿಡದ ಕಡೆ ನೋಡಿದವನು ಅಲ್ಲೇ ನಿಂತ.

ಹಿಂದಿನ ದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅವನು ಕೈಯಾರೆ ಮುಚ್ಚಿದ ಗುಡ್ಡೆ ತೆರೆದಿತ್ತು. ಕಾಂಡದ ಸುತ್ತ ಒಂದು ಗೇಣು, ತಟ್ಟೆ ಇಟ್ಟು ಗೀರಿದಂತೆ ಗುಂಡಗೆ ಖಾಲಿ. ಉಳಿದ ಎಲೆ ನಾಲ್ಕೇ ಬೆರಳು ದಪ್ಪ. ನಡುವಿನ ಕೆಂಪು ಮಣ್ಣಿನ ಮೇಲೆ ಒಂದು ಅಂಗೈಯ ಗುರುತು. ಅದರ ತೋರುಬೆರಳು ಮೋಟು.

ಊರೆಲ್ಲ ಮಧ್ಯಾಹ್ನದ ಬಿಸಿಲಿಗೆ ಮಲಗಿತ್ತು. ಒಂದು ಕೋಳಿಯೂ ಕೂಗಲಿಲ್ಲ. ಬೆಳಿಗ್ಗೆ ಚಿತೆಯ ಮೇಲೆ ಇಟ್ಟು ಬಂದ ಕೈ ಇಲ್ಲಿ ಮಣ್ಣಿನಲ್ಲಿ ಹೊಸದಾಗಿ ಒತ್ತಿಕೊಂಡಿತ್ತು.

ಗುರುಪ್ರಸಾದ ಯಾರಿಗೂ ಹೇಳಲಿಲ್ಲ. ಹೆಂಡತಿಗಂತೂ ಹೇಳಲಿಲ್ಲ. (ಚಂಪಾ ನಗುವುದಿಲ್ಲ, ನಿಜ. ಆದರೆ ನಕ್ಕರೆ ಅದು ಅವಳ ತವರು ಚಿತ್ತಾಕುಲದವರೆಗೆ ಹೋಗಿ ಬರುತ್ತದೆ.) ಎಲೆಗಳನ್ನು ಎಳೆದು ಗುಡ್ಡೆಯನ್ನು ಮೊದಲಿನಂತೆ ಮುಚ್ಚಿಬಿಟ್ಟ. ಏನೂ ಕಾಣದಿದ್ದರೆ ಏನೂ ಆಗಿಲ್ಲ ಎಂಬ ಲೆಕ್ಕ ಅವನದು.

ಮರುದಿನ ಎದ್ದು ನೋಡಿದರೆ ಮತ್ತೆ ತೆರೆದಿತ್ತು. ಅದೇ ಗೇಣು, ಅದೇ ಗುಂಡು, ಅದೇ ಅಂಗೈ. ಬದಿಗೆ ಸರಿಸಿದ ಎಲೆಗಳ ಗುಡ್ಡೆಯಿಂದ ಹಬೆ ಏಳುತ್ತಿತ್ತು. ಧೈರ್ಯ ಮಾಡಿ ಅದರೊಳಕ್ಕೆ ಕೈ ತೂರಿಸಿದ. ಬೆಚ್ಚಗಿತ್ತು. ಕೊಳೆಯುವ ಎಲೆಗೆ ಕಾವು ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ನಿನ್ನೆ ಹಿಡಿದ ಕೈಗೆ ಇರಬೇಕಾಗಿದ್ದ ಕಾವು ಅದು, ಸರಿಯಾಗಿ ಅಷ್ಟೇ. ಅವನು ಕೈಯನ್ನು ಹೊರಗೆ ತೆಗೆಯದೆ ಎಷ್ಟೋ ಹೊತ್ತು ಹಾಗೇ ಕೂತ.

ಆಮೇಲೆ ಅಂಗೈಯ ಗುರುತನ್ನು ಮತ್ತೆ ನೋಡಿದ. ಈ ಸಲ ಬೆರಳು ಮೋಟಾಗಿರಲಿಲ್ಲ. ಐದೂ ಪೂರ್ತಿ.

ಅವನು ಓದಿಕೊಂಡ ಮನುಷ್ಯ. ಹೆದರುವುದಿದ್ದರೂ ಕಾರಣ ಹುಡುಕಿಯೇ ಹೆದರುತ್ತಿದ್ದ. ಯೋಚಿಸಿ ಯೋಚಿಸಿ ಒಂದು ಸಿದ್ಧಾಂತಕ್ಕೆ ಬಂದ. ಸತ್ತ ದಿನ ದೇವಿದಾಸ ಇದ್ದ ಶರೀರದಲ್ಲೇ ಬಂದಿದ್ದ. ಸುಟ್ಟ ಮೇಲೆ ಆ ಕಡೆ ಹೊಸ ಶರೀರ ಸಿಕ್ಕಿದೆ, ಅದರಲ್ಲಿ ಬೆರಳೂ ಸರಿಯಾಗಿದೆ. ಕೈ ಸ್ವಲ್ಪ ಸಣ್ಣದಾಗಿ ಕಂಡಿತು. ಊಟ ತಿಂಡಿ ಇಲ್ಲದ ಜಾಗ, ಇಳಿದಿರಬೇಕು.

ಆಫೀಸಿನಲ್ಲಿ ದೇವಿದಾಸನ ಕುರ್ಚಿ ಖಾಲಿ ಇತ್ತು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಫೈಲಿನಲ್ಲಿ ಮುಖ ಹುಗಿದಿದ್ದ ಗುರುಪ್ರಸಾದ ಅಭ್ಯಾಸಬಲದಿಂದ “ಬೀರಾ, ಆ ಸಾಹೇಬ್ರಿಗೆ ಹೇಳು, ಫ್ಯಾನು...” ಎಂದುಬಿಟ್ಟ. ಬೀರಾನೂ ಅಭ್ಯಾಸಬಲದಿಂದ ಅರ್ಧ ಹೆಜ್ಜೆ ಹೊರಳಿ, ಖಾಲಿ ಕುರ್ಚಿಗೆ “ಫ್ಯಾನು ಕಡಿಮೆ ಮಾಡ್ಬೇಕಂತೆ ಸಾಹೇಬ್ರೆ” ಎಂದು ಹೇಳಿ, ಉತ್ತರಕ್ಕಾಗಿ ಕಾದು ನಿಂತ. ಆ ಹೊತ್ತಿಗೆ ಕರೆಂಟು ಹೋಗಿ ಫ್ಯಾನು ತಾನಾಗಿ ನಿಧಾನವಾಗುತ್ತಾ ನಿಂತಿತು.

“ಮಾತಾಡ್ಲಿಲ್ಲ ಸಾಹೇಬ್ರೆ” ಎಂದ ಬೀರಾ. ಅವನ ಮುಖ ಬಿಳಚಿತ್ತು.

ಆ ಸಂಜೆ ಮನೆಗೆ ಬಂದ ಗುರುಪ್ರಸಾದ ಗಿಡದ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದ. ತೆರೆದಿದ್ದನ್ನು ಹಾಗೇ ಬಿಟ್ಟರೆ ದೇವಿದಾಸನ ಮಾತು ನಡೆದಂತಾಯಿತು, ಜಗಳ ಮುಗಿಯಿತು. ಆದರೆ ಮುಚ್ಚದೇ ಬಿಟ್ಟರೆ ಅವನು ನಾಳೆ ಯಾಕೆ ಬರುತ್ತಾನೆ? ಬಿಡಿಸಲು ಏನಿದೆ?

ಅವನು ಬಗ್ಗಿ ಎರಡೂ ಕೈಯಲ್ಲಿ ದರಕು ಎಳೆದು ಕಾಂಡಕ್ಕೆ ಒತ್ತಿದ. ಗೇರು ಮರದಡಿಯಿಂದ ಇನ್ನೆರಡು ಬುಟ್ಟಿ ತಂದು ಸುರಿದ. ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಮನೆಗೆ ನೆಂಟರು ಬರುವುದಿದ್ದರೆ ಹಾಸಿಗೆ ಬಿಡಿಸುವಷ್ಟು ಶ್ರದ್ಧೆಯಿಂದ ಮುಚ್ಚುತ್ತಿದ್ದ.

ಬೆಳಕು ಹರಿಯುವ ಮುಂಚೆ ಎಚ್ಚರವಾಗುತ್ತಿತ್ತು. ಅಂಗಳದಲ್ಲಿ ಎಲೆ ಸರಸರ ಎನ್ನುವುದು, ಆಮೇಲೆ ಮೆತ್ತಗೆ ಪಟ್ ಪಟ್ ಎಂದು ಮಣ್ಣು ತಟ್ಟುವುದು ಕೇಳುತ್ತಿತ್ತು. ಕಿಟಕಿ ಒಂದೇ ಹೆಜ್ಜೆ ದೂರ. ಅವನು ಏಳಲಿಲ್ಲ. ನೋಡಿದರೆ ಬರುವುದನ್ನು ಬಿಟ್ಟಾನು ಎಂದು ಕಣ್ಣು ಬಿಗಿ ಹಿಡಿದು, ಹೊದಿಕೆ ಕಚ್ಚಿಕೊಂಡು ಮಲಗಿರುತ್ತಿದ್ದ. ಭಯಕ್ಕೆ ಮೈ ಬೆವರುತ್ತಿತ್ತು, ಒಳಗೆ ಮಾತ್ರ ಎಂಥದೋ ಸಮಾಧಾನ. ಬಂದ. ಇವತ್ತೂ ಬಂದ.

ಚಂಪಾ ಮಾತ್ರ ಮುಖ ಗಂಟಿಕ್ಕಿಕೊಂಡೇ ಓಡಾಡುತ್ತಿದ್ದಳು. ಒಂದು ಸಂಜೆ ಅವನು ಬುಟ್ಟಿ ಹೊತ್ತು ಬರುವಾಗ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು.

“ಇನ್ನೂ ತುಂಬ್ತೀರಾ?”

“ತುಂಬ್ಬೇಕು.”

“ಬದುಕಿದ್ದಾಗಂತೂ ಬಿಡ್ಲಿಲ್ಲ. ಸತ್ತ ಮೇಲಾದ್ರೂ ಅವರಿಗೆ ಒಂದು ಮಾತು ಗೆಲ್ಲೂಕೆ ಬಿಡೂಕಾಗೂದಿಲ್ಲಾ ನಿಮಗೆ?”

“ನಿನಗೆ ಅದೆಲ್ಲ ಗೊತ್ತಾಗೂದಿಲ್ಲ” ಎಂದ ಗುರುಪ್ರಸಾದ, ಪರಲೋಕದ ವ್ಯವಹಾರ ನೋಡಿಕೊಳ್ಳುವ ಅಧಿಕಾರಿಯ ಗತ್ತಿನಲ್ಲಿ. ಆ ರಾತ್ರಿ ಅವನ ತಟ್ಟೆಗೆ ಬಾಂಗಡೆ ಮೀನಿನ ತಲೆ ಮಾತ್ರ ಬಿತ್ತು.

ಹತ್ತನೆಯ ದಿನ ಬಂತು. ಅಂಕೋಲೆಯ ಕಡಲ ಬದಿಯಲ್ಲಿ ಗಾಳಿಮರಗಳ ಕೆಳಗೆ ಬಾಳೆಲೆಯಲ್ಲಿ ಪಿಂಡ ಇಟ್ಟರು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದನ್ನು ಊಹಿಸಿ, ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು.

ಕಾಗೆ ಬಂತು. ಕೊಂಬೆಯ ಮೇಲೆ ಕೂತಿತು. ಇಳಿಯಲಿಲ್ಲ.

ದೇವಿದಾಸನ ಅಣ್ಣ ಕೈಮುಗಿದು “ಮನಿಷಾನ ಮದುವೆ ನಾವೆಲ್ಲ ನಿಂತು ಮಾಡ್ತೇವು, ಮಗಳ ಚಿಂತೆ ಬಿಡು” ಎಂದ. ಕಾಗೆ ಕತ್ತು ಕೊಂಕಿಸಿತು. ಗಂಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು “ಅಡುಗೆಮನೆ ಹಂಚು ಬದಲಿಸ್ತೆ, ನೀವು ಹೇಳಿದ ಹಾಗೇ ಬದಲಿಸ್ತೆ” ಎಂದಳು. ಕಾಗೆ ಕೊಕ್ಕನ್ನು ಕೊಂಬೆಗೆ ಉಜ್ಜಿತು. “ವರ್ಷದ ದಿನಕ್ಕೆ ಬಾಂಗಡೆ ಬಡಿಸ್ತೇವು ಅನ್ನಿ, ಅವನಿಗೆ ಅದೇ ಆಸೆ” ಎಂದು ಹಿಂದಿನಿಂದ ಯಾರೋ ಸೂಚಿಸಿದರು. ಅದಕ್ಕೂ ಇಳಿಯಲಿಲ್ಲ. ಬಿಸಿಲೇರಿತು. ಗಾಳಿ ಬಿದ್ದು, ಮರಗಳ ಸುಂಯ್ ಎಂಬ ಸದ್ದೂ ನಿಂತಿತು. ಗಂಗೆ ಸಣ್ಣ ದನಿಯಲ್ಲಿ ಅಳಲು ಶುರುಮಾಡಿದಳು.

ಗುರುಪ್ರಸಾದ ಬಾಳೆಲೆಯ ಪಕ್ಕದಲ್ಲೇ ನಿಂತಿದ್ದ. ಆತ್ಮೀಯ ಗೆಳೆಯ ಎಂದು ಅವನೇ ಮುಂದೆ ಹೋಗಿ ಆ ಜಾಗ ಹಿಡಿದಿದ್ದ. ತಲೆ ಎತ್ತಿ ನೋಡಿದ. ಕಾಗೆ ಅವನೊಬ್ಬನನ್ನೇ ನೋಡುತ್ತಿತ್ತು, ದೇವಿದಾಸ ಕನ್ನಡಕದ ಮೇಲಿನಿಂದ ನೋಡುತ್ತಿದ್ದ ಹಾಗೆ.

ಅವನಿಗೆ ಏನು ಹೇಳಬೇಕೆಂದು ಗೊತ್ತಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ನಾಳೆ ಬೆಳಿಗ್ಗೆ ಅಂಗಳದಲ್ಲಿ ಎಲೆ ಸರಸರ ಎನ್ನುವುದಿಲ್ಲ. ನಾಡಿದ್ದೂ ಇಲ್ಲ. ಗಂಗೆಯ ಅಳು ಕೇಳಿಸುತ್ತಲೇ ಇತ್ತು.

“ದೇವೂ” ಎಂದ. “ನಾಲ್ಕು ಬೆರಳು ಮಾರಾಯಾ. ಇನ್ನು ನಾಲ್ಕೇ ಬೆರಳು ಹಾಕ್ತೆ. ಬುಡಕ್ಕೆ ಒಂದು ಗೇಣು ಬಿಡ್ತೆ. ಬೇಕಿದ್ರೆ ನಿನ್ನ ಬೆರಳಿನ ಲೆಕ್ಕದಲ್ಲೇ ಹಾಕ್ತೆ. ನೀ ಇನ್ನು ಬರೂದು ಬೇಡ.”

ಸೇರಿದ ಜನ ಮುಖ ಮುಖ ನೋಡಿಕೊಂಡರು. ಗುರುಪ್ರಸಾದ ಕಣ್ಣು ಕಾಣದೆ ತಡವರಿಸುತ್ತಾ ಹಿಂದೆ ಸರಿದು, ಜನರ ನಡುವೆ ಹೋಗಿ ಕುಸಿದು ಕೂತ. ಕಾಗೆ ರೊಂಯ್ಯನೆ ಇಳಿದು ಪಿಂಡಕ್ಕೆ ಬಾಯಿ ಹಾಕಿತು.

ಅಂಕೋಲೆಯಲ್ಲಿ ಇಂದಿಗೂ ಅವನನ್ನು ನಾಲ್ಕು ಬೆರಳಿನ ಸಾಹೇಬರು ಎಂದೇ ಗುರುತಿಸುತ್ತಾರೆ. ಅದು ಇರಲಿ.

ಸಂಜೆ ಬಸ್ಸಿಳಿದು ಮನೆಗೆ ಬಂದವನೇ ಅಂಗಿಯನ್ನೂ ಬದಲಿಸದೆ ಗಿಡದ ಮುಂದೆ ಕೂತ. ತಾನೇ ಒಟ್ಟಿದ ದರಕನ್ನು ತೋಳಿನಲ್ಲಿ ತಬ್ಬಿ ತಬ್ಬಿ ಆಚೆ ಹಾಕಿದ. ಕಾಂಡ ಹೊರಗೆ ಬಂತು. ಚಂಪಾಳೂ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಂತೂ ಬುದ್ಧಿ ಬಂತು” ಎಂದಳು. “ಕಾಗೆ ಪಾಪ, ಆವಾಗ್ಲೇ ಇಳೀತಿತ್ತು. ನೀವು ಎಲೆಯ ಪಕ್ಕದಲ್ಲಿ ಕಂಬದ ಹಾಗೆ ನಿಂತ್ರೆ ಅದು ಹ್ಯಾಂಗೆ ಬರ್ಬೇಕು?” ಎನ್ನುತ್ತಾ ಉಳಿದ ಎಲೆಗಳನ್ನು ಸರಸರ ಸರಿಸಿ, ಗುಂಡಗೆ ಜಾಗ ಬಿಡಿಸಿ, ಮಣ್ಣನ್ನು ಪಟ್ ಪಟ್ ಎಂದು ತಟ್ಟಿದಳು.

ಕೈ ತೆಗೆದಳು. ಕೆಂಪು ಮಣ್ಣಿನ ಮೇಲೆ ಅಂಗೈ ಮೂಡಿತ್ತು. ಐದೂ ಬೆರಳು ಪೂರ್ತಿ. ಸ್ವಲ್ಪ ಸಣ್ಣ ಕೈ.

ಗುರುಪ್ರಸಾದ ಅದನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಮತ್ತೆ ಅದನ್ನು ನೋಡಿದ.

“ದಿನಾ ನೀನೇನಾ?”

“ಮತ್ಯಾರು? ಬಾಗಿಲಿಗೆ ನೀರು ಹಾಕೂಕೆ ಏಳ್ತೆನಲ್ಲ, ಆವಾಗ ಸರಿಸ್ತಿದ್ದೆ. ನೀವು ಸಂಜೆ ತುಂಬೂದು, ನಾನು ಬೆಳಿಗ್ಗೆ ತೆಗೆಯೂದು. ನನ್ನ ಸೊಂಟ ಬಿದ್ದು ಹೋಯ್ತು. ಯಾಕೆ, ನೀವು ಯಾರು ಅಂತ ತಿಳ್ಕಂಡಿದ್ರಿ?”

ಅವನು ಅಷ್ಟು ದಿನ ಹೊದಿಕೆ ಕಚ್ಚಿಕೊಂಡು ಕಾದದ್ದು ಇವಳ ಹೆಜ್ಜೆಯ ಸದ್ದಿಗೆ. ಎಲ್ಲರ ಮುಂದೆ ಕಣ್ಣೀರಿಟ್ಟು ಬರಬೇಡ ಎಂದು ಬೇಡಿಕೊಂಡದ್ದು ಬರದೇ ಇದ್ದವನನ್ನು. ನಗು ಬರಬೇಕಿತ್ತು, ಬರಲಿಲ್ಲ. ದೇವಿದಾಸ ಮಾತು ಬಿಟ್ಟವನು ಬಿಟ್ಟ ಹಾಗೇ ಹೋಗಿದ್ದ. ಈ ಅಂಗಳಕ್ಕೆ ಕಾಲಿಡುವುದಿಲ್ಲ ಎಂದವನು ಇಡಲೇ ಇಲ್ಲ.

ಮಣ್ಣಿನ ಗುರುತನ್ನೇ ನೋಡುತ್ತಾ ಕೂತವನಿಗೆ ತಟ್ಟನೆ ನೆನಪಾಯಿತು.

“ಮೊದಲ ದಿನದ್ದು? ಸುಟ್ಟು ಬಂದ ದಿನ? ಅದರಲ್ಲಿ ಬೆರಳು ಮೋಟಾಗಿತ್ತು ಚಂಪಾ. ನಾನು ಕಣ್ಣಾರೆ ನೋಡ್ದೆ.”

ಚಂಪಾ ಕೈಯ ಮಣ್ಣನ್ನು ನಿಧಾನವಾಗಿ ಉದುರಿಸಿಕೊಂಡಳು.

“ಅದು ನಾನಲ್ಲ” ಎಂದಳು. “ಆಣೆ ಹಾಕಿ ಹೋಗಿದ್ರು, ನಿಮಗೆ ಹೇಳ್ಬಾರ್ದು ಅಂತ. ಆಣೆ ಇಟ್ಟವರೇ ಹೋದ ಮೇಲೆ ಬಿಡಿಸೂರು ಯಾರು? ಕಾಗೆ ಪಿಂಡ ಮುಟ್ಲಿ, ಆಮೇಲೆ ಹೇಳ್ತೆ ಅಂತ ಕಾದೆ.”

“ಯಾರು?”

“ಆ ಗುರುವಾರ ಮಧ್ಯಾಹ್ನ ಬಸ್ಸಿಳಿದು ಬಂದ್ರು. ಅರ್ಧ ದಿನ ರಜೆ ಹಾಕಿ ಬಂದೆ ವೈನಿ, ಗುರು ಇದ್ರೆ ಬರೂಕಾಗೂದಿಲ್ಲಲ್ಲ, ಮಾನ ಹೋಗ್ತದೆ ಅಂದ್ರು. ಬೆವರ್ತಿದ್ರು, ಮುಖ ಕಪ್ಪಿಟ್ಟಿತ್ತು. ಕೂತ್ಕಳಿ ಅಂದ್ರೆ ಕೇಳ್ಲಿಲ್ಲ, ಸೀದಾ ಗಿಡದ ಹತ್ರ ಹೋದ್ರು. ಎಲ್ಲಾ ಸರಿಸಿ, ಕಾಂಡದ ಕಪ್ಪು ಭಾಗ ಉಗುರಲ್ಲಿ ಕೆರೆದು ನೋಡಿ, ಬದುಕ್ತದೆ ಅಂದ್ರು. ಗುರು ಮತ್ತೆ ಮುಚ್ತಾನೆ, ಅವನು ಏಳೂದ್ರೊಳಗೆ ನೀವು ದಿನಾ ಹೀಂಗೆ ಸರಿಸಿ ಹೀಂಗೆ ತಟ್ಟಿ ಬಿಡಿ ಅಂತ ತೋರಿಸಿಕೊಟ್ರು. ನಾಳೆ ಆಫೀಸಲ್ಲಿ ನಾನೇ ಅವನ ಹತ್ರ ಮಾತಾಡ್ತೆ, ಬೀರಾ ಬೇಡ ಅಂದ್ರು. ಅವತ್ತು ಕುಡಿಯದೆ ಬಿಟ್ಟು ಹೋದ ಚಾ ಕೊಡಿ ಅಂತ ಕೇಳಿ ಕುಡಿದ್ರು.”

ಅವಳು ಗೇಟಿನ ಕಡೆ ನೋಡಿದಳು.

“ಬಸ್ಸಿನ ಹಾರನ್ ಕೇಳಿ ಗೇಟಿನ ತನಕ ಹೋದವರು ಮತ್ತೆ ತಿರುಗಿ ಬಂದ್ರು. ಗಾಳಿಗೆ ಒಂದು ಗೇರೆಲೆ ಹಾರಿ ಬಂದು ಕಾಂಡಕ್ಕೆ ತಾಗಿಕೊಂಡಿತ್ತು. ಬಗ್ಗಿ ಅದನ್ನು ಎತ್ತಿದ್ರು. ಎಸೆಯೂಕೆ ಅಂತ ಕೈ ಎತ್ತಿದವರು ಸುಮ್ಮನೆ ನಿಂತ್ರು. ಇಲ್ಲಿ ಎಸೆದ್ರೆ ಗುರು ನಾಳೆ ಹುಡುಕಿ ತಂದು ಮತ್ತೆ ಬುಡಕ್ಕೇ ಹಾಕ್ತಾನೆ ವೈನಿ ಅಂತ ನಕ್ಕು, ಅದನ್ನು ಅಂಗಿ ಜೇಬಿನಲ್ಲಿ ಹಾಕ್ಕಂಡು ಬಸ್ಸಿಗೆ ಓಡಿದ್ರು.”